ಹಸಿ ಮೀನಿನ ರುಚಿ

ಥಾಯ್ಲೆಂಡಿನ ಈಶಾನ್ಯ ಭಾಗಕ್ಕೆ ಈಸಾನ್ ಎಂದು ಹೆಸರು. ಭತ್ತದ ಗದ್ದೆಗಳ, ಕೆರೆಕುಂಟೆಗಳ ನಾಡು ಅದು. ಅಲ್ಲಿನ ರೈತರಿಗೆ ‘ಕೊಯ್ ಪ್ಲಾ’ ಎಂದರೆ ಪಂಚಪ್ರಾಣ. ಆಗತಾನೆ ಹಿಡಿದ ಸಣ್ಣ ಮೀನುಗಳನ್ನು ಕೊಚ್ಚಿ, ನಿಂಬೆಯ ರಸ, ಮೆಣಸಿನ ಪುಡಿ, ಹುರಿದಕ್ಕಿಯ ಪುಡಿ, ಸೊಪ್ಪುಗಳನ್ನು ಬೆರೆಸಿದರೆ ಅಡುಗೆ ಮುಗಿಯಿತು. ಒಲೆ ಹೊತ್ತಿಸುವ ಗೋಜೇ ಇಲ್ಲ. ಮೂಗು ಮುರಿಯುವ ಓದುಗರು ಒಂದು ಗಳಿಗೆ ತಾಳಬೇಕು. ರುಚಿಯೆಂಬುದು ಊರೂರಿಗೂ ಬೇರೆ. ನಿಂಬೆಯ ಹುಳಿಗೆ ಮೀನು ಬೆಂದಂತೆ ಬೆಳ್ಳಗಾಗುವುದೇನೋ ನಿಜ. ಆದರೆ ಅದರ ಮಾಂಸದಲ್ಲಿ ಹುದುಗಿರುವ ಹುಳುವಿನ ಮರಿ ಆ ಹುಳಿಗೆ ಸಾಯುವುದಿಲ್ಲ.

ಓಪಿಸ್ತಾರ್ಕಿಸ್ ವಿವೆರಿನಿ ಎಂಬ ಈ ಪರೋಪಜೀವಿ ಎಲೆಯ ಆಕಾರದ್ದು, ಒಂದು ಸೆಂಟಿಮೀಟರಿನಷ್ಟೂ ಉದ್ದವಿಲ್ಲದ್ದು. ಬಸವನಹುಳುವಿನಲ್ಲಿ ಅದರ ಬಾಲ್ಯ, ಮೀನಿನಲ್ಲಿ ಹರೆಯ, ಮನುಷ್ಯನ ಪಿತ್ತನಾಳದಲ್ಲಿ ಸಂಸಾರ. ಅಲ್ಲಿಟ್ಟ ಮೊಟ್ಟೆಗಳು ಕರುಳಿಗಿಳಿದು, ಮಲದೊಡನೆ ಮತ್ತೆ ಕೆರೆಯನ್ನು ಸೇರುತ್ತವೆ. ಹೀಗೆ ಒಂದೇ ಹುಳು ಹತ್ತು ವರ್ಷ ಬದುಕಬಲ್ಲದು. ಅಷ್ಟು ಕಾಲವೂ ಮನೆಯೊಡೆಯನಿಗೆ ಅದರ ಸುಳಿವೇ ಹತ್ತದಿರಬಹುದು.

ಆದರೆ ದೇಹ ಸುಮ್ಮನಿರುವುದಿಲ್ಲ. ರಕ್ಷಣೆಗೆ ಧಾವಿಸಿದ ಬಿಳಿಯ ರಕ್ತಕಣಗಳು ಆಮ್ಲಜನಕದ ಉಗ್ರರೂಪಗಳನ್ನು ಹುಳುವಿನ ಮೇಲೆ ಕಾರುತ್ತವೆ. ಹುಳು ಅದನ್ನು ತಾಳಿಕೊಳ್ಳುತ್ತದೆ. ಪಕ್ಕದ ಜೀವಕೋಶಗಳು ತಾಳಲಾರವು. ಅವುಗಳೊಳಗಿನ ಡಿ.ಎನ್.ಎ. ಎಂಬ ವಂಶತಂತು ಕೆಡುತ್ತದೆ. ‘ಉತ್ಕರ್ಷಣ ಒತ್ತಡ’ವೆಂದು ವಿಜ್ಞಾನಿಗಳು ಕರೆಯುವುದು ಇದನ್ನೇ, ಕಬ್ಬಿಣಕ್ಕೆ ತುಕ್ಕು ಹಿಡಿಯುವುದೂ ಇದೇ ಜಾತಿಯ ಕ್ರಿಯೆ. ಕಳ್ಳನಿಗೆಸೆದ ಕೊಳ್ಳಿ ಸ್ವಂತ ಸೂರಿಗೆ ತಗುಲಿದಂತೆ! ದಶಕಗಳ ಬಳಿಕ ಕೆಲವರ ಪಿತ್ತನಾಳದಲ್ಲಿ ಕ್ಯಾನ್ಸರ್ ತಲೆಯೆತ್ತುತ್ತದೆ. ಕಾಮಾಲೆ ಕಂಡು ವೈದ್ಯರ ಬಳಿಗೆ ಬರುವ ಹೊತ್ತಿಗೆ ಶಸ್ತ್ರಚಿಕಿತ್ಸೆಯ ಕಾಲ ಅನೇಕರಿಗೆ ಮೀರಿರುತ್ತದೆ. ಈ ಕ್ಯಾನ್ಸರ್ ಜಗತ್ತಿನಲ್ಲೇ ಅತಿ ಹೆಚ್ಚಾಗಿರುವ ಪ್ರದೇಶಗಳಲ್ಲಿ ಈಸಾನಿನ ಖೋನ್ ಕೇನ್ ಒಂದು. ಈ ಹುಳು ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1994ರಲ್ಲಿಯೇ ತೀರ್ಮಾನಿಸಿತು.

ಕೆಟ್ಟ ಡಿ.ಎನ್.ಎ.ಯ ತುಣುಕುಗಳು ಮೂತ್ರದಲ್ಲಿ ಹೊರಬರುತ್ತವೆ. 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಇವು ಆರೋಗ್ಯವಂತರಿಗಿಂತ ಹುಳುವಿರುವವರಲ್ಲಿ ಹೆಚ್ಚಾಗಿಯೂ, ಕ್ಯಾನ್ಸರ್ ರೋಗಿಗಳಲ್ಲಿ ಇನ್ನೂ ಹೆಚ್ಚಾಗಿಯೂ ಕಂಡುಬಂದವು. ಪ್ರಾಜಿಕ್ವಾಂಟೆಲ್ ಮಾತ್ರೆಯಿಂದ ಹುಳುವನ್ನು ಕೊಂದ ಮೇಲೆ ಅವುಗಳ ಪ್ರಮಾಣ ಇಳಿಯಿತು.

ತೊಡಕಿರುವುದು ಇಲ್ಲಿಯೇ. ‘ಹೇಗೂ ಮಾತ್ರೆಯಿದೆಯಲ್ಲ’ ಎಂದು ಮತ್ತೆ ಹಸಿ ಮೀನಿಗೆ ಕೈಯಿಟ್ಟರೆ ಹುಳು ಮರಳುತ್ತದೆ, ಒಳಗಿನ ಉರಿ ಹೊಸದಾಗಿ ಹೊತ್ತುತ್ತದೆ. ಆದ್ದರಿಂದ ಖೋನ್ ಕೇನಿನ ಲಾವಾ ಸರೋವರದ ಹಳ್ಳಿಗಳಲ್ಲಿ ವೈದ್ಯರು ಮಾತ್ರೆಯನ್ನಷ್ಟೇ ನಂಬಿ ಕೂರಲಿಲ್ಲ, ಶಾಲೆಗಳಿಗೂ ಹೋದರು. ಮೀನನ್ನು ಬೇಯಿಸಿಯೇ ತಿನ್ನಬೇಕೆಂಬ ಪಾಠ ಅಲ್ಲಿ ಮಕ್ಕಳಿಗೆ ಮೊದಲು ಆಗುತ್ತದೆ.