ಮಾತ್ರೆ ತಪ್ಪಿಸಿದ ಮಗುವಿಗೆ ಬೈಯುವುದು ನಿಲ್ಲಿಸಿ

"ಹೆತ್ತಮ್ಮ ಕಿಡ್ನಿಯನ್ನೇ ಕೊಟ್ಟಳು, ಇವಳಿಗೆ ಮಾತ್ರೆ ನುಂಗೋಕೂ ಸೋಮಾರಿತನ."

ಕಿಡ್ನಿ ಕಸಿಯಾದ ಹದಿನಾರರ ಹುಡುಗಿಯ ಬಗ್ಗೆ ಊರಲ್ಲಿ ಇಂಥ ಮಾತು ಸಲೀಸಾಗಿ ಬರುತ್ತದೆ. ಆ ಕಿಡ್ನಿಗೆ ಕುತ್ತು ತರುವುದು ಇದೇ ಮಾತು.

ಹೊಸ ಕಿಡ್ನಿ ತನ್ನದಲ್ಲ ಅನ್ನುವುದನ್ನು ದೇಹ ಮರೆಯುವುದಿಲ್ಲ. ಅದರ ಮೇಲೆ ದಾಳಿಗೆ ಕಾಯುತ್ತಿರುತ್ತದೆ. ತಡೆಯುವುದು ಟ್ಯಾಕ್ರೊಲಿಮಸ್‌ನಂಥ ಮಾತ್ರೆಗಳು. ಸಾಮಾನ್ಯವಾಗಿ 12 ಗಂಟೆಗೊಮ್ಮೆ, ಆ ಕಿಡ್ನಿ ಇರುವಷ್ಟು ಕಾಲ. ಎರಡು ದಿನ ಬಿಟ್ಟರೂ ಏನೂ ಆಗಿಲ್ಲ ಅನಿಸುತ್ತದೆ. ಮೋಸ ಇರುವುದೇ ಅಲ್ಲಿ. ಹೊರಗೆ ಏನೂ ಕಾಣದೆ ಒಳಗೆ ಕ್ರಿಯಾಟಿನಿನ್ ಏರುತ್ತಿರಬಹುದು. ತಡವಾದರೆ ಮತ್ತೆ ಡಯಾಲಿಸಿಸ್ಸೇ ಗತಿ.

ಹದಿಹರೆಯದಲ್ಲೇ ಯಾಕೆ ಮಾತ್ರೆ ತಪ್ಪುತ್ತದೆ? ಸ್ಟೆರಾಯ್ಡ್‌ನಿಂದ ಮುಖ ಊದುತ್ತದೆ, ಮೊಡವೆ ಏಳುತ್ತವೆ. ಕ್ಲಾಸಿನಲ್ಲಿ ಅಡ್ಡಹೆಸರು ಬೀಳುತ್ತದೆ. ಹಾಸ್ಟೆಲಿನಲ್ಲಿ ಮಾತ್ರೆ ಡಬ್ಬಿ ತೆಗೆದರೆ ಹತ್ತು ಪ್ರಶ್ನೆ. ಪಿಯುಸಿಗೆ ಬೆಳಿಗ್ಗೆ ಏಳರ ಬಸ್ಸು ಹತ್ತಿದವಳು ಮನೆಗೆ ಬರುವುದು ಕತ್ತಲಾದ ಮೇಲೆ. ಚಿಕ್ಕವಳಿದ್ದಾಗ ಅಮ್ಮ ಎದುರು ನಿಂತು ನುಂಗಿಸುತ್ತಿದ್ದಳು. ಈಗ "ದೊಡ್ಡವಳಾದಳು, ತಾನೇ ನೋಡ್ಕೋತಾಳೆ" ಅಂತ ಮನೆಯವರು ಕೈಬಿಟ್ಟಿರುತ್ತಾರೆ, ಅದೂ ಇದೇ ವಯಸ್ಸಿನಲ್ಲಿ!

ಬೈದರೆ ಮಗು ಸುಳ್ಳು ಕಲಿಯುತ್ತದೆ. "ತಗೊಂಡೆ" ಅನ್ನುತ್ತದೆ. ಡಾಕ್ಟರು ಅದನ್ನು ನಂಬಿ ಡೋಸ್ ಏರಿಸಬಹುದು. "ತಗೊಂಡ್ಯಾ?" ಅನ್ನಬೇಡಿ. "ಈ ವಾರ ಎಷ್ಟು ಸಲ ತಪ್ಪಿತು, ಯಾವ ಹೊತ್ತಿನದು?" ಅಂತ ಮೆಲ್ಲಗೆ ಕೇಳಿ ನೋಡಿ. ಸಂಜೆಯದ್ದೇ ತಪ್ಪುತ್ತಿದ್ದರೆ, ಬಸ್ಸಿನ ವೇಳೆಗೆ ಹೊಂದುವಂತೆ ಹೊತ್ತು ಬದಲಿಸಬಹುದೇ ಅಂತ ಡಾಕ್ಟರನ್ನು ಕೇಳಿ. ದಿನಕ್ಕೊಂದೇ ಸಲ ತೆಗೆದುಕೊಳ್ಳುವ ಟ್ಯಾಕ್ರೊಲಿಮಸ್ ಕೂಡ ಇದೆ. ತಪ್ಪಿದ್ದಕ್ಕೆ ಎರಡು ಡೋಸ್ ಒಟ್ಟಿಗೆ ಮಾತ್ರ ನುಂಗಿಸಬೇಡಿ, ಕಸಿ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿ.

ಇನ್ನು ಸರ್ಕಾರ. ಅಂಗ ಹೊತ್ತ ಆಂಬುಲೆನ್ಸಿಗೆ ದಾರಿ ಬಿಡಿಸಿದ ದಿನ ಟಿವಿಯಲ್ಲೆಲ್ಲ ಅದೇ ಸುದ್ದಿ. ಆಮೇಲೆ ಮಾತ್ರೆ ಮುಗಿದ ದಿನ ಯಾರೂ ಇಲ್ಲ. ತಾಲೂಕಿನ ಮೆಡಿಕಲ್ ಶಾಪಿನಲ್ಲಿ ಇವು ಸುಲಭಕ್ಕೆ ಸಿಗುವುದಿಲ್ಲ. ಬೇರೆ ಕಂಪನಿಯದು ಕೊಟ್ಟರೆ ರಕ್ತದಲ್ಲಿ ಔಷಧಿಯ ಮಟ್ಟ ಏರುಪೇರಾಗಬಹುದು, ಡಾಕ್ಟರನ್ನು ಕೇಳದೆ ಬದಲಿಸುವಂತಿಲ್ಲ. ಆ ಮಟ್ಟ ನೋಡಲು ಬೆಳಗಿನ ಮಾತ್ರೆಗೆ ಮುಂಚೆ ರಕ್ತ ಕೊಡಬೇಕು. ಹಾಗಾಗಿ ಅಪ್ಪ ಕೂಲಿ ಬಿಟ್ಟು, ಮಗಳನ್ನು ಕರೆದುಕೊಂಡು ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತಬೇಕು. ಜಿಲ್ಲಾಸ್ಪತ್ರೆಯಲ್ಲೇ ರಕ್ತ ತೆಗೆದು ಲ್ಯಾಬಿಗೆ ಕಳಿಸಲು ಏನು ಅಡ್ಡಿ?

ಆಗದ ಕೆಲಸ ಅನ್ನಬೇಡಿ. ಎಚ್‌ಐವಿ ಇರುವವರಿಗೆ 2004ರಿಂದ ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಉಚಿತ ಮಾತ್ರೆ ಸಿಗುತ್ತಿದೆ. ಅಲ್ಲಿ ಕೌನ್ಸೆಲರ್ ಕೂತು ಮಾತಾಡುತ್ತಾರೆ, ಉಳಿದ ಮಾತ್ರೆ ಎಣಿಸಿ ನೋಡುತ್ತಾರೆ. ಅದೇ ಥರ ಕಸಿಯಾದವರಿಗೂ ಜಿಲ್ಲಾಸ್ಪತ್ರೆಯಲ್ಲಿ ಒಂದು ಕಿಟಕಿ ತೆರೆಯಿರಿ. ತಿಂಗಳ ಮಾತ್ರೆ, ರಕ್ತ ಪರೀಕ್ಷೆ, ಹುಡುಗ-ಹುಡುಗಿಯರ ಜೊತೆ ಮಾತಾಡಲು ಒಬ್ಬ ಕೌನ್ಸೆಲರ್. ಇಷ್ಟು ಕೊಡಿ, ಆಮೇಲೆ ಆ ಹುಡುಗಿಯನ್ನು ಪ್ರಶ್ನೆ ಮಾಡಿ.