ಕ್ಯಾನಿಗೆ ಸುರಿಯುವ ಮುನ್ನ ಒಂದು ಲೋಟ



ಪಶು ಆಹಾರದ ಚೀಲ ತಂದಾಗ ಅದರಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಕೇಳುತ್ತೀರಿ. ಕರು ಹಾಕಿದ ಸೀಮೆಹಸುವಿಗೆ ಬರೀ ಒಣಹುಲ್ಲು ಹಾಕಿದರೆ ಹಾಲು ಇಳಿಯುತ್ತದೆ, ಎಸ್‌ಎನ್‌ಎಫ್ ಬೀಳುತ್ತದೆ ಎಂದು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಹಾಗಾದರೆ ನಿನ್ನೆ ರಾತ್ರಿ ನಿಮ್ಮ ತಟ್ಟೆಯಲ್ಲಿ ಪ್ರೋಟೀನ್ ಎಷ್ಟಿತ್ತು?

ಆವನಿ ಕಡೆಯ ನಮ್ಮ ಮನೆಗಳಲ್ಲಿ ಎಲ್ಲರ ಊಟ ಆದಮೇಲೆ ಹೆಂಗಸರು ಕೂರುತ್ತೇವೆ. ಅಷ್ಟೊತ್ತಿಗೆ ಸಾರಿನ ಕಾಳು ಮುಗಿದಿರುತ್ತದೆ. ಉಳಿದ ತಿಳಿಯಲ್ಲಿ ಮುದ್ದೆ ನುಂಗಿ ಏಳುತ್ತೇವೆ. ಹಾಲು ಎರಡು ಹೊತ್ತೂ ಡೈರಿಗೆ ಹೋಗುತ್ತದೆ, ಮನೆಗೆ ಉಳಿಯುವುದು ಟೀಗೆ ಬೇಕಾದಷ್ಟೇ. ನಾನೂ ಹೀಗೇ ಇದ್ದೆ. ಷುಗರ್ ಇದೆ ಎಂದು ಗೊತ್ತಾದ ದಿನ, "ನಾನು ಸಿಹಿ ಮುಟ್ಟುವುದೇ ಇಲ್ಲವಲ್ಲ" ಎಂದು ವಾದ ಮಾಡಿದ್ದೆ.

ಸಿಹಿ ಒಂದೇ ಕಾರಣವಲ್ಲ. ರಾಗಿ ಒಳ್ಳೆಯದೇ, ಅದರಲ್ಲಿ ನಾರಿದೆ, ಸುಣ್ಣದಂಶವಿದೆ. ಆದರೆ ಅದರ ಮೂರರಲ್ಲಿ ಎರಡು ಪಾಲು ಪಿಷ್ಟ. ಅದು ಹೊಟ್ಟೆಯಲ್ಲಿ ಸಕ್ಕರೆಯೇ ಆಗುತ್ತದೆ. ಪ್ರೋಟೀನ್ ನೂರು ಗ್ರಾಂಗೆ ಸುಮಾರು 7 ಗ್ರಾಂ ಮಾತ್ರ.

ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳೆಂಬ ಮಣಿಗಳ ಸರ. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಕೂಡ ಅಂಥ 51 ಮಣಿಗಳ ಸರವೇ. ಹಾಲು, ಕಾಳು, ಮೊಟ್ಟೆ ತಿಂದಾಗ ಸರ ಬಿಚ್ಚಿಕೊಂಡು ಮಣಿಗಳು ರಕ್ತ ಸೇರುತ್ತವೆ. ಅವುಗಳಲ್ಲಿ ಲ್ಯೂಸಿನ್ ಎಂಬುದು ಇನ್ಸುಲಿನ್ ಬಿಡುವಂತೆ ಮೇದೋಜೀರಕ ಗ್ರಂಥಿಯನ್ನು ಎಚ್ಚರಿಸುತ್ತದೆ. ಹಾಲಿನಲ್ಲಿ ಅದು ಚೆನ್ನಾಗಿದೆ. ಜೊತೆಗೆ, ಪ್ರೋಟೀನ್ ಮೊದಲು ಹೊಟ್ಟೆಗೆ ಹೋದರೆ ಹಿಂದೆ ಬಂದ ಮುದ್ದೆ ನಿಧಾನವಾಗಿ ಕೆಳಗಿಳಿಯುತ್ತದೆ. ಸಕ್ಕರೆ ಒಮ್ಮೆಲೇ ಏರುವುದಿಲ್ಲ.

ಇನ್ನೊಂದು ಮಾತು. ಊಟದ ಸಕ್ಕರೆಯನ್ನು ಹೆಚ್ಚಾಗಿ ಎಳೆದುಕೊಳ್ಳುವುದು ನಮ್ಮ ಮಾಂಸಖಂಡ. ವಯಸ್ಸಾದಂತೆ ಅದು ಕರಗಿದರೆ ಸಕ್ಕರೆಗೆ ಹೋಗಲು ಜಾಗ ಕಡಿಮೆ. ಅದನ್ನು ಉಳಿಸುವುದು ಪ್ರೋಟೀನ್ ಮತ್ತು ಮೈ ಬಗ್ಗಿಸುವ ಕೆಲಸ ಎರಡೂ ಸೇರಿ. ಆವನಿ ಬೆಟ್ಟ ಹತ್ತಿ ಸೀತಮ್ಮನ ಗುಡಿ ಮುಟ್ಟುವ ಕಾಲಿಗೂ ಅದೇ ಬೇಕು.

ಹಾಗಂತ ಡಬ್ಬಿಯ ಪೌಡರ್ ಕೊಳ್ಳಬೇಡಿ. ಇನ್ಸುಲಿನ್ ಮಾತು ಕೇಳದ ದೇಹದಲ್ಲಿ ಲ್ಯೂಸಿನ್ ಜಾತಿಯ ಅಮೈನೋ ಆಮ್ಲಗಳು ರಕ್ತದಲ್ಲಿ ಹೆಚ್ಚಿರುವುದನ್ನೂ ವಿಜ್ಞಾನಿಗಳು ಕಂಡಿದ್ದಾರೆ. ಅತಿಯಾದರೆ ಅಮೃತವೂ ವಿಷ. ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ಪ್ರೋಟೀನ್ ಹೆಚ್ಚಿಸಿ. ಮಾತ್ರೆ, ಇನ್ಸುಲಿನ್ ಸೂಜಿ ಯಾರೂ ತಾವಾಗಿ ನಿಲ್ಲಿಸಬೇಡಿ.

ನಮಗೆ ಬೇಕಾದದ್ದು ಕೊರತೆ ತುಂಬುವಷ್ಟು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಲೆಕ್ಕದಲ್ಲಿ 55 ಕೆ.ಜಿ. ತೂಕದ ಹೆಂಗಸಿಗೆ ದಿನಕ್ಕೆ ಸುಮಾರು 46 ಗ್ರಾಂ ಪ್ರೋಟೀನ್ ಬೇಕು. ಕಾಲು ಲೀಟರ್ ಹಾಲಿನಲ್ಲಿ 8 ಗ್ರಾಂ ಇದೆ. ಒಂದು ಹಿಡಿ, ಅಂದರೆ 50 ಗ್ರಾಂ ಹುರುಳಿಯಲ್ಲಿ 11 ಗ್ರಾಂ. ರಾಗಿಯಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಹುರುಳಿ, ಅವರೆ, ಹಾಲು ಅದನ್ನು ತುಂಬಿಕೊಡುತ್ತವೆ. ಮುದ್ದೆಗೆ ಹುರುಳಿಸಾರು ಜೋಡಿ ಮಾಡಿದ ನಮ್ಮ ಅಜ್ಜಿಯರದು ತಪ್ಪಲ್ಲ. ಕಾಳನ್ನೆಲ್ಲ ಬೇರೆಯವರಿಗೆ ಬಡಿಸಿ ನಾವು ತಿಳಿ ಕುಡಿದದ್ದು ತಪ್ಪು.

"ಹಾಲು ಉಳಿಸಿಕೊಂಡರೆ ಬಟವಾಡೆ ಕಮ್ಮಿ ಆಗುತ್ತಲ್ಲಮ್ಮ" ಎನ್ನುತ್ತೀರಿ. ಆಗುತ್ತದೆ. ಕಾಲು ಲೀಟರಿಗೆ ಹತ್ತು ರೂಪಾಯಿ ಆಸುಪಾಸು. ಬೀಜ, ಬಡ್ಡಿ, ಸ್ಕೂಲ್ ಫೀಸು ಎಲ್ಲವೂ ಆ ದುಡ್ಡಿನಲ್ಲೇ ನಡೆಯುವುದು ನನಗೂ ಗೊತ್ತು. ಆದರೆ ಷುಗರ್ ಹೆಚ್ಚಾಗಿ ಕಾಲಿನ ಗಾಯ ಮಾಯದೆ ಮಲಗಿದರೆ ಹಸು ಕರೆಯುವವರು ಯಾರು? ಅವತ್ತು ಕ್ಯಾನೇ ಖಾಲಿ.

ಆದ್ದರಿಂದ ಇಷ್ಟು ಮಾಡಿ. ಕ್ಯಾನು ಡೈರಿಗೆ ಹೊರಡುವ ಮುನ್ನ ನಿಮ್ಮ ಪಾಲಿನ ಕಾಲು ಲೀಟರ್ ತೆಗೆದಿಡಿ. ಕಾಯಿಸಿ ಸಕ್ಕರೆ ಹಾಕದೆ ಕುಡಿಯಿರಿ, ಇಲ್ಲವೇ ಗಟ್ಟಿ ಮೊಸರು ಮಾಡಿ. ನೀರು ಮಜ್ಜಿಗೆ ಈ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ಬಟ್ಟಲಿಗೆ ಕಾಳು ಮೊದಲೇ ತೆಗೆದಿಡಿ. ಕಾಳು, ಸೊಪ್ಪು ತಿಂದು ಆಮೇಲೆ ಮುದ್ದೆ ಮುರಿಯಿರಿ, ಅದೂ ಒಂದು ಸುತ್ತು ಸಣ್ಣದು.

ಮೇವು ಹಾಕದೆ ಹಾಲು ಕೇಳುವವರನ್ನು ನಾವು ದಡ್ಡರು ಎನ್ನುತ್ತೇವೆ. ನಮ್ಮ ಮೈಗೂ ಅದೇ ನ್ಯಾಯ.