ಸೀಟು ಕೊಳ್ಳಲು ಹಣವಿದೆ, ಜೀವಶಾಸ್ತ್ರ ಓದಿಸಲು ಮನಸ್ಸಿದೆಯೇ?

ಎಸ್ಸೆಸ್ಸೆಲ್ಸಿ ಫಲಿತಾಂಶ ಹೊರಬಿದ್ದೊಡನೆ ನಮ್ಮ ಪಟ್ಟಣಗಳ ಮನೆಮನೆಗಳಲ್ಲಿ ಒಂದು ಅವಸರ ಆರಂಭವಾಗುತ್ತದೆ. ಮಗನೋ ಮಗಳೋ ಡಾಕ್ಟರಾಗಲೇಬೇಕು. ಎಂಬಿಬಿಎಸ್ ದಕ್ಕದಿದ್ದರೆ ಬಿಡಿಎಸ್ ಆದರೂ ಆಗಲಿ ಎಂಬುದು ಹೆತ್ತವರ ಹಂಬಲ. ಹಂಬಲದಲ್ಲಿ ತಪ್ಪೇನೂ ಇಲ್ಲ. ಆದರೆ ಅಲ್ಲಿಂದ ಮುಂದಿನ ಚರ್ಚೆಯನ್ನು ಗಮನಿಸಿ. ಹಾಸ್ಟೆಲ್ ಶುಲ್ಕ ಎಷ್ಟು, ಕೋಚಿಂಗ್‌ಗೆ ಎಷ್ಟು ಕಟ್ಟಬೇಕು, ಮ್ಯಾನೇಜ್‌ಮೆಂಟ್ ಸೀಟಿಗೆ ಯಾರ ಶಿಫಾರಸು ಹಿಡಿಯಬೇಕು, ಗಲ್ಫ್‌ನಲ್ಲಿರುವ ಮಾವನಿಂದ ಎಷ್ಟು ತರಿಸಬಹುದು! ಮುಂದಿನ ಎರಡು ವರ್ಷ ಮಕ್ಕಳು ಜೀವಶಾಸ್ತ್ರವನ್ನು ಯಾರಿಂದ, ಯಾವ ಪುಸ್ತಕದಿಂದ, ಹೇಗೆ ಕಲಿಯುತ್ತಾರೆ ಎಂಬ ಪ್ರಶ್ನೆ ಮಾತ್ರ ಕೇಳಿಬರುವುದಿಲ್ಲ. ನಮ್ಮ ತಕರಾರು ಇರುವುದು ಈ ಮೌನದ ಬಗ್ಗೆ.

ಮೊದಲು ಒಂದು ಭ್ರಮೆಯನ್ನು ಕಳಚಬೇಕಾಗಿದೆ. ದೇರಳಕಟ್ಟೆಯ ಯೆನೆಪೋಯ, ವಿಜಯಪುರದ ಅಲ್ ಅಮೀನ್‌ನಂತಹ ದಂತ ವೈದ್ಯಕೀಯ ಕಾಲೇಜುಗಳನ್ನು ಸಮುದಾಯದವರೇ ಕಟ್ಟಿ ಬೆಳೆಸಿದರೆಂಬುದು ಹೆಮ್ಮೆಯ ಸಂಗತಿ. ಆದರೆ 'ನಮ್ಮವರ ಕಾಲೇಜಲ್ಲವೇ, ಹೇಗೋ ಆಗುತ್ತದೆ' ಎಂಬ ಧೈರ್ಯಕ್ಕೆ ಇಂದು ಅರ್ಥವಿಲ್ಲ. ಬಿಡಿಎಸ್ ಪ್ರವೇಶಕ್ಕೆ ನೀಟ್ ಕಡ್ಡಾಯ. ಅಲ್ಪಸಂಖ್ಯಾತ ಸಂಸ್ಥೆಗಳಿಗೂ ಅದು ಅನ್ವಯಿಸುತ್ತದೆಂದು 2020ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. 2023ರ ಮಾರ್ಚ್‌ನಲ್ಲಿ ಅಂದಿನ ರಾಜ್ಯ ಸರಕಾರವು 2ಬಿ ಮೀಸಲಾತಿಯನ್ನು ರದ್ದುಪಡಿಸಲು ಹೊರಟಾಗ ನಾವು ಬೀದಿಗಿಳಿದೆವು, ನ್ಯಾಯಾಲಯದ ಮೆಟ್ಟಿಲೇರಿದೆವು. ಅದು ನ್ಯಾಯಯುತವೇ ಆಗಿತ್ತು. ಆದರೆ ಆ ಶೇಕಡಾ 4ರ ಪಾಲಿನ ಸೀಟೂ ನೀಟ್ ಅಂಕದ ಆಧಾರದಲ್ಲೇ ಹಂಚಿಕೆಯಾಗುತ್ತದೆ ಎಂಬುದನ್ನು ನಮ್ಮ ಮಕ್ಕಳಿಗೆ ಎಷ್ಟು ಮಂದಿ ತಿಳಿಸಿದ್ದೇವೆ?

ಲೆಕ್ಕವನ್ನು ನೋಡಿ. 2025ರ ನೀಟ್‌ನಲ್ಲಿ 180 ಪ್ರಶ್ನೆಗಳು, 720 ಅಂಕಗಳು. ಭೌತಶಾಸ್ತ್ರಕ್ಕೆ 45, ರಸಾಯನಶಾಸ್ತ್ರಕ್ಕೆ 45, ಜೀವಶಾಸ್ತ್ರಕ್ಕೆ 90. ಅಂದರೆ ಸರಿಯಾಗಿ ಅರ್ಧ, 360 ಅಂಕಗಳು. ಸರಿಯುತ್ತರಕ್ಕೆ 4 ಅಂಕ, ತಪ್ಪಿದರೆ 1 ಅಂಕ ಕಡಿತ. ದೀರ್ಘ ಗಣನೆಯ ಅಗತ್ಯ ತೀರಾ ಕಡಿಮೆಯಿರುವ, ಪಠ್ಯಪುಸ್ತಕವನ್ನು ಸಾಲುಸಾಲಾಗಿ ಓದಿದವನಿಗೆ ಒಲಿಯುವ ಭಾಗವಿದು. ಅತ್ಯಂತ ದುಬಾರಿ ಕೋಚಿಂಗ್ ಇಲ್ಲದೆಯೂ ಬಡ ಮನೆಯ ಮಗಳು ಮುನ್ನಡೆ ಸಾಧಿಸಬಹುದಾದ ಜಾಗ ಯಾವುದಾದರೂ ಇದ್ದರೆ ಅದು ಇದೇ. ಆ ಜಾಗವನ್ನೇ ನಾವು ಕಡೆಗಣಿಸಿದ್ದೇವೆ.

ಕಡೆಗಣನೆಯು ಪ್ರಥಮ ಪಿಯುಸಿಯಿಂದಲೇ ಆರಂಭವಾಗುತ್ತದೆ. ಆ ವರ್ಷದ ಅಂಕಗಳು ಎಲ್ಲಿಯೂ ಗಣನೆಗೆ ಬರುವುದಿಲ್ಲವೆಂದು ಅದನ್ನು ವಿಶ್ರಾಂತಿಯ ವರ್ಷವಾಗಿ ಕಾಣಲಾಗುತ್ತಿದೆ. ಆದರೆ ಜೀವಕೋಶ, ಜೈವಿಕ ಅಣುಗಳು, ದ್ಯುತಿಸಂಶ್ಲೇಷಣೆ, ಉಸಿರಾಟ, ರಕ್ತಪರಿಚಲನೆ, ನರವ್ಯೂಹ, ಹಾರ್ಮೋನು ಇವೆಲ್ಲವೂ ಇರುವುದು ಅದೇ ವರ್ಷದ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ. ಅನುವಂಶೀಯತೆ, ಡಿಎನ್‌ಎ, ರೋಗನಿರೋಧಕ ಶಕ್ತಿ, ಸೂಕ್ಷ್ಮಜೀವಿಗಳು ದ್ವಿತೀಯ ವರ್ಷಕ್ಕೆ ಬರುತ್ತವೆ. ನೀಟ್ ಎರಡೂ ವರ್ಷಗಳ ಪಾಠದಿಂದ ಪ್ರಶ್ನೆ ಕೇಳುತ್ತದೆ. ಮೊದಲ ವರ್ಷವನ್ನು ಕಳೆದುಕೊಂಡವನು ಎರಡನೆಯ ವರ್ಷದಲ್ಲಿ ಲಕ್ಷ ರೂಪಾಯಿ ಸುರಿದು ಕೊಳ್ಳುವುದು ಕಳೆದುಹೋದ ಅದೇ ಪಾಠಗಳನ್ನಲ್ಲವೇ?

ವಿಷಯಗಳ ಆಯ್ಕೆಯಲ್ಲೂ ಅದೇ ಅಜಾಗ್ರತೆ. ಗೆಳೆಯ ಸೇರಿದನೆಂದು ಗಣಕವಿಜ್ಞಾನದ ಪಿಸಿಎಂಸಿ ಸೇರಿ, ಜೀವಶಾಸ್ತ್ರವಿಲ್ಲದೆ ನೀಟ್‌ನ ಕನಸು ಕಾಣುವವರಿದ್ದಾರೆ. ಇನ್ನೊಂದೆಡೆ, ಗಣಿತದ ಭಯದಿಂದ ವಿಜ್ಞಾನವನ್ನೇ ಬಿಟ್ಟು ವಾಣಿಜ್ಯ ಹಿಡಿಯುವ ಹೆಣ್ಮಕ್ಕಳಿದ್ದಾರೆ. ಬಿಡಿಎಸ್‌ಗೆ ಬೇಕಾಗಿರುವುದು ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮತ್ತು ಇಂಗ್ಲಿಷ್, ಗಣಿತ ಕಡ್ಡಾಯವಲ್ಲ. ಗಣಿತದ ಬದಲು ಗೃಹವಿಜ್ಞಾನದಂತಹ ವಿಷಯದ ಜೊತೆ ಜೀವಶಾಸ್ತ್ರ ಕಲಿಸುವ ಕಾಲೇಜುಗಳೂ ಕೆಲವಿವೆ. ಭೌತಶಾಸ್ತ್ರಕ್ಕೆ ಬೇಕಾದಷ್ಟು ಲೆಕ್ಕ ಗೊತ್ತಿರಬೇಕು, ಅಷ್ಟೇ. ಈ ಸರಳ ಮಾಹಿತಿಯನ್ನು ತಿಳಿಸುವವರಿಲ್ಲದೆ ಎಷ್ಟು ಪ್ರತಿಭೆಗಳು ಮನೆಯೊಳಗೇ ಮುದುಡಿಹೋಗಿರಬೇಡ!

ಇನ್ನು ಕಹಿಯಾದ ಮಾತು. ಮಾನವ ಸಂತಾನೋತ್ಪತ್ತಿಯ ಅಧ್ಯಾಯ ಬಂದಾಗ 'ಮನೆಯಲ್ಲೇ ಓದಿಕೊಳ್ಳಿ' ಎಂದು ಪುಟ ಮಗುಚುವ ಅಧ್ಯಾಪಕರಿದ್ದಾರೆ. ಮಗುಚಿದ್ದೇ ಒಳ್ಳೆಯದಾಯಿತೆಂದು ನಿಟ್ಟುಸಿರು ಬಿಡುವ ಹೆತ್ತವರಿದ್ದಾರೆ. ವಿಕಾಸವಾದದ ಅಧ್ಯಾಯವನ್ನು ವಿಶ್ವಾಸದ ಹೆಸರಲ್ಲಿ ಬದಿಗಿಡುವವರೂ ಇದ್ದಾರೆ. ಒಂದು ಸಿದ್ಧಾಂತ ಏನು ಹೇಳುತ್ತದೆಂದು ತಿಳಿಯುವುದರಿಂದ ಈಮಾನ್ ಕರಗುವುದಾದರೆ ಅದು ಅಷ್ಟೊಂದು ದುರ್ಬಲವೇ? ಸಭೆ ಸಮಾರಂಭಗಳಲ್ಲಿ ನಾವು ಹತ್ತನೇ ಶತಮಾನದ ಕೊರ್ಡೋವಾದ ಅಝ್ಝಹ್ರಾವಿಯನ್ನು ಅಭಿಮಾನದಿಂದ ಸ್ಮರಿಸುತ್ತೇವೆ. ಹಲ್ಲಿನ ಕಿಟ್ಟ ಕೆರೆಯುವ ಉಪಕರಣಗಳ ಚಿತ್ರ ಬರೆದಿಟ್ಟ ಅದೇ ವೈದ್ಯರು ಹೆರಿಗೆಯ ಬಗ್ಗೆಯೂ ಸಂಕೋಚವಿಲ್ಲದೆ ಬರೆದರು. ಅವರ ಹೆಸರು ಬೇಕು, ಅವರ ಧೈರ್ಯ ಬೇಡ ಎಂದರೆ ಹೇಗೆ?

ಅಣ್ಣ ಓದಿದ ಹಳೆಯ ಗೈಡನ್ನೇ ತಮ್ಮನಿಗೆ ಕೊಡುವ ರೂಢಿಯೂ ಈಗ ಅಪಾಯಕಾರಿ. 2024ರ ನೀಟ್‌ನಿಂದ ಪಠ್ಯಕ್ರಮ ಬದಲಾಗಿ ಹಲವು ಅಧ್ಯಾಯಗಳು ಹೊರಬಿದ್ದವು. ವಿಪರ್ಯಾಸವೆಂದರೆ, ಮನುಷ್ಯನ ಹಲ್ಲುಗಳ ಜೋಡಣೆಯನ್ನು ವಿವರಿಸುವ 'ಜೀರ್ಣಕ್ರಿಯೆ ಮತ್ತು ಹೀರಿಕೆ'ಯ ಅಧ್ಯಾಯವೂ ಅವುಗಳಲ್ಲಿ ಒಂದು! ಪರೀಕ್ಷೆಗೆ ಅದು ಬೇಡವಿರಬಹುದು. ದಂತವೈದ್ಯನಾಗ ಹೊರಟವನಿಗೆ ಬೇಡವೇ?

ಸೀಟು ಸಿಕ್ಕರೆ ಸಾಕು ಎನ್ನುವವರಿಗೆ ಕೊನೆಯದಾಗಿ ಒಂದು ಮಾತು. 2020-21ರಲ್ಲಿ ದೇಶದಲ್ಲಿ ಸುಮಾರು 7,000 ಬಿಡಿಎಸ್ ಸೀಟುಗಳು ಖಾಲಿ ಉಳಿದಾಗ, ಅರ್ಹತೆಯ ಪರ್ಸೆಂಟೈಲನ್ನು 10ರಷ್ಟು ಇಳಿಸುವಂತೆ ಸುಪ್ರೀಂ ಕೋರ್ಟ್ ಆದೇಶಿಸಿತು. ಬಾಗಿಲು ತಗ್ಗಿದರೂ ಒಳಗಿನ ಪಾಠ ತಗ್ಗುವುದಿಲ್ಲ. ಮೊದಲ ವರ್ಷದಲ್ಲೇ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಜೀವರಸಾಯನ, ದಂತರಚನೆ ಎದುರಾಗುತ್ತವೆ. ಎರಡನೆಯ ವರ್ಷ ರೋಗಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಔಷಧಶಾಸ್ತ್ರ. ಇವೆಲ್ಲವೂ ನಿಲ್ಲುವುದು ಪಿಯುಸಿಯ ಜೀವಶಾಸ್ತ್ರದ ತಳಹದಿಯ ಮೇಲೆ. ತಳಹದಿಯಿಲ್ಲದ ಮಕ್ಕಳನ್ನು ಸಾಲ ಮಾಡಿ ಅಲ್ಲಿಗೆ ಕಳುಹಿಸುವುದು ಪ್ರೀತಿಯಲ್ಲ, ಶಿಕ್ಷೆ.

ಹಾಗಾದರೆ ಮಾಡಬೇಕಾದುದೇನು? ಜಮಾಅತ್‌ಗಳು ಸನ್ಮಾನ ಸಮಾರಂಭದ ಶಾಲು ಸ್ಮರಣಿಕೆಗಳ ಖರ್ಚಿನಲ್ಲಿ ಒಂದು ಪಾಲನ್ನು ಎನ್‌ಸಿಇಆರ್‌ಟಿ ಪುಸ್ತಕಗಳಿಗೆ ಮೀಸಲಿಡಲಿ. ಮದ್ರಸದ ಕಟ್ಟಡಗಳು ಸಂಜೆ ಖಾಲಿ ಬಿದ್ದಿರುವಲ್ಲಿ ಪ್ರಥಮ ಪಿಯುಸಿಯ ಮಕ್ಕಳಿಗೆ ವಾರಕ್ಕೆ ಎರಡು ದಿನ ಜೀವಶಾಸ್ತ್ರದ ತರಗತಿ ನಡೆಯಲಿ. ಊರಲ್ಲಿರುವ ನಮ್ಮ ಡಾಕ್ಟರುಗಳೂ ದಂತವೈದ್ಯರೂ ಅಲ್ಲಿ ಒಂದು ಗಂಟೆ ಪಾಠ ಮಾಡಲಿ. ಉರ್ದು ಮತ್ತು ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷ್ ಪದಗಳ ಮುಂದೆ ತಬ್ಬಿಬ್ಬಾಗುವ ಮಕ್ಕಳಿಗೆ ಮೊದಲ ಆರು ತಿಂಗಳು ಕೈಹಿಡಿಯುವವರು ಬೇಕು. ಹೆತ್ತವರು ಕಾಲೇಜಿಗೆ ಹೋದಾಗ ಶುಲ್ಕದ ಪಟ್ಟಿಗಿಂತ ಮೊದಲು ಜೀವಶಾಸ್ತ್ರದ ಅಧ್ಯಾಪಕರನ್ನು ಕೇಳಲಿ. ಹಣ ಕೂಡಿಸುವುದನ್ನು ನಾವು ಚೆನ್ನಾಗಿ ಕಲಿತಿದ್ದೇವೆ. ಮಕ್ಕಳ ಪಕ್ಕದಲ್ಲಿ ಕುಳಿತು ಪುಸ್ತಕ ತೆರೆಸುವುದನ್ನು ಇನ್ನಾದರೂ ಕಲಿಯೋಣ.